ಹಳೇ ರಿಂಗಿನ ಮೇಲೆ ಹೊಸ ರಿಂಗು

ಅಪ್ಪನ ಅಂಬಾಸಿಡರ್‌ಗೆ ನಾನೇ ಕೈಯಾರೆ ಆಯಿಲ್ ಬದಲಾಯಿಸಿದ್ದು ಹೋದ ವರ್ಷ, ಅದೇ ಮೊದಲ ಸಲ. ಮಾರನೇ ದಿನವೇ ಎಂಜಿನ್ ಕೈಬಿಟ್ಟು ಹೋಗೋದರಲ್ಲಿತ್ತು.

ಅದು 1984ರ ಮಾರ್ಕ್ 4, ಪೆಟ್ರೋಲ್ ಗಾಡಿ. ಅರಸೀಕೆರೆ ರೈಲ್ವೆ ಸ್ಟೇಷನ್ ಎದುರು ಅಪ್ಪ ಅದನ್ನು ಟ್ಯಾಕ್ಸಿ ಓಡಿಸ್ತಿದ್ದ. ಅಕ್ಕನ ಮದುವೆ, ನನ್ನ ಓದು, ಕೊಟ್ಟಿಗೆಯ ಹೆಂಚು, ಎಲ್ಲ ಆ ಗಾಡಿ ದುಡಿದಿದ್ದು. ಈಗ ಬಿಳಿ ಬೋರ್ಡು. ಸಕ್ಕರೆ ಕಾಯಿಲೆಯಿಂದ ಅಪ್ಪನ ಕಣ್ಣು ಮಂಜಾದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಬಂತು. ವರ್ಷದಲ್ಲಿ ಹೆಚ್ಚು ದಿನ ಸೋಗೆ ಕೆಳಗೆ ನಿಂತಿರುತ್ತೆ. ಜೇನುಕಲ್ ಸಿದ್ದೇಶ್ವರನ ಬೆಟ್ಟಕ್ಕೆ ಮಾತ್ರ ಅಪ್ಪನಿಗೆ ಅದೇ ಗಾಡಿ ಆಗಬೇಕು. ಬಸ್ಸು ಬೇಡ, ತಮ್ಮನ ಮಗನ ಹೊಸ ಕಾರೂ ಬೇಡ.

ಹೊರಡೋ ಹಿಂದಿನ ದಿನ ಪೇಟೆಗೆ ಹೋಗಿದ್ದೆ. ಅಂಗಡಿ ಹುಡುಗ ಫೋನು ನೋಡಿ, 'ಅಣ್ಣ, ಒಳ್ಳೇದು ಅಂದ್ರೆ ಇದೇ' ಅಂತ 5ಡಬ್ಲ್ಯು-30 ಸಿಂಥೆಟಿಕ್ ಕ್ಯಾನ್ ಇಟ್ಟ. ನಾನು ಬರೆಯೋ ಸುದ್ದಿಗೆ ಸಿಗೋ ದುಡ್ಡು ನಿಮಗೆ ಗೊತ್ತೇ ಇದೆ. ಒಂದು ತಿಂಗಳ ಸುದ್ದಿಯ ಮುಕ್ಕಾಲು ಪಾಲು ಆ ಕ್ಯಾನಿಗೇ ಹೋಯ್ತು. ಅಪ್ಪನ ಗಾಡಿಗೆ ದುಬಾರಿಯದ್ದೇ ಹಾಕ್ತಿದ್ದೀನಿ ಅನ್ನೋ ಹೆಮ್ಮೆ ಬೇರೆ. ಅಪ್ಪ ಇಷ್ಟು ವರ್ಷ ಏನು ಹಾಕ್ತಿದ್ದ ಅಂತ ಒಂದು ಮಾತು ಕೇಳಲಿಲ್ಲ. ಪಕ್ಕದಲ್ಲೇ ಜಗಲಿ ಮೇಲೆ ಕೂತಿದ್ದ.

ಆ ಎಂಜಿನ್ನಿನ ಫಿಲ್ಟರು ಈಗಿನ ಕಾರಿನ ಹಾಗೆ ಡಬ್ಬಿ ತಿರುಗಿಸಿ ಬಿಗಿಯೋದಲ್ಲ. ಕಬ್ಬಿಣದ ಬಟ್ಟಲು, ಅದರೊಳಗೆ ಕಾಗದದ ಎಲಿಮೆಂಟು, ನಡುವೆ ಉದ್ದನೆ ಬೋಲ್ಟು. ಬಟ್ಟಲ ಬಾಯಿ ಕೂರೋ ಗಾಡಿಯಲ್ಲಿ ರಬ್ಬರ್ ರಿಂಗು. ಎಲಿಮೆಂಟು ಹಾಕಿ, ಹೊಸ ರಿಂಗು ಕೂರಿಸಿ, ಬೋಲ್ಟು ಬಿಗಿದೆ. ಮನೆ ಮುಂದೆ ಐದು ನಿಮಿಷ ಓಡಿಸಿ ನೋಡಿದೆ. ಒಂದು ಹನಿ ಇಲ್ಲ.

ಮಾರನೇ ದಿನ ಬಾಣಾವರ ದಾಟಿದ್ವಿ. ಅಪ್ಪ ಮುಂದಿನ ಸೀಟಲ್ಲಿ ಕಣ್ಣು ಮುಚ್ಚಿ ಕೂತಿದ್ದ. ನಿದ್ದೆ ಬಂದಿದೆ ಅಂದ್ಕೊಂಡೆ.

'ನಿಲ್ಸು.'

'ಯಾಕಪ್ಪ?'

'ನಿಲ್ಸಲಾ ಮೊದ್ಲು. ಆಫ್ ಮಾಡು.'

ಪಕ್ಕಕ್ಕೆ ಎಳೆಯೋಷ್ಟರಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ಲೈಟು ಮಿನುಗಿತು. ಕಣ್ಣಿರೋ ನನಗೆ ಅದು ಕಾಣೋಕೆ ಮೊದಲೇ ಅವನಿಗೆ ಟ್ಯಾಪೆಟ್ ಬಡಿಯೋ ಸದ್ದು ಕೇಳಿಸಿತ್ತು. ಬಾನೆಟ್ ಎತ್ತಿದರೆ ಬಟ್ಟಲ ಅಂಚಿಂದ ಆಯಿಲ್ ಸುರೀತಿದೆ, ಡಿಪ್‌ಸ್ಟಿಕ್ಕಿನ ತುದಿ ಮಾತ್ರ ಒದ್ದೆ. ಇನ್ನೊಂದು ಮೈಲಿ ಹೋಗಿದ್ದರೆ ಬೇರಿಂಗ್ ಹಿಡ್ಕೊಂಡು ಕ್ರ್ಯಾಂಕೇ ಹಾಳಾಗ್ತಿತ್ತು. ಅಷ್ಟು ಖರ್ಚು ಮಾಡಿ ರಿಪೇರಿ ಮಾಡಿಸೋ ಶಕ್ತಿ ನಮಗಿಲ್ಲ. ಗಾಡಿ ಗುಜರಿಗೆ ಹೋಗೋದು.

ಅಪ್ಪನ ಕಾಲದ ಗ್ಯಾರೇಜ್ ಭಾಯ್ ಬೈಕಲ್ಲಿ ಬಂದರು. ಬಟ್ಟಲು ಬಿಚ್ಚಿ, ಚೀಲ ಹೊಲಿಯೋ ದಬ್ಬಳದಿಂದ ಗಾಡಿಯೊಳಗೆ ಕೆದಕಿದರು. ಕಬ್ಬಿಣದ ಜೊತೆ ಕಬ್ಬಿಣವೇ ಆಗಿ ಅಂಟಿಕೊಂಡಿದ್ದ ಹಳೇ ರಿಂಗು ಚೂರುಚೂರಾಗಿ ಹೊರಗೆ ಬಂತು. ನಾನು ಅದರ ಮೇಲೇ ಹೊಸದನ್ನು ಕೂರಿಸಿದ್ದೆ. ತಣ್ಣಗಿದ್ದಾಗ ತಡೀತು, ರೋಡಲ್ಲಿ ಒತ್ತಡ ಏರಿದ ಮೇಲೆ ಜಾರಿತು.

'ಇನ್ನೊಂದು ವಾಷರ್ ಎಲ್ಲಪ್ಪ?' ಅಂದರು. ಎಲಿಮೆಂಟಿನ ತಳದಲ್ಲಿ ಸ್ಪ್ರಿಂಗು, ಪ್ಲೇಟು, ಒಂದು ಸಣ್ಣ ರಬ್ಬರ್ ವಾಷರ್ ಇರುತ್ತೆ. ಹಳೇ ಎಲಿಮೆಂಟಿಗೆ ಅಂಟಿಕೊಂಡಿದ್ದನ್ನು ಅದರ ಜೊತೆಗೇ ತಿಪ್ಪೆಗೆ ಎಸೆದಿದ್ದೆ. ಆ ವಾಷರ್ ಇಲ್ಲದಿದ್ದರೆ ಆಯಿಲ್ ಕಾಗದದೊಳಗೆ ಹೋಗದೆ ಪಕ್ಕದಿಂದ ನುಸುಳುತ್ತೆ. ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಆಮೇಲೆ ಕ್ಯಾನ್ ನೋಡಿ ನಕ್ಕರು. ಅವರು ಹೇಳಿದ್ದನ್ನು ಆಮೇಲೆ ನಾನೂ ಓದಿ ತಿಳ್ಕೊಂಡೆ. ಡಬ್ಲ್ಯು ಅಂದರೆ ಚಳಿಗಾಲದ ಲೆಕ್ಕ. ಅದರ ಹಿಂದಿನ ಅಂಕಿ ಚಳಿಯಲ್ಲಿ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತೆ ಅನ್ನೋದಕ್ಕೆ, ಮುಂದಿನದು ಕಾದ ಎಂಜಿನ್ನಿನಲ್ಲಿ ಎಷ್ಟು ಮಂದ ಇರುತ್ತೆ ಅನ್ನೋದಕ್ಕೆ. ಹಿಮ ಬೀಳೋ ಊರಿಗೆ 5 ಬೇಕು. ನಮ್ಮ ಊರಿನ ಮಾಗಿ ಚಳಿಗೆ 20 ಧಾರಾಳ ಸಾಕು. ಈ 1489 ಸಿಸಿ ಎಂಜಿನ್ ಇಂಗ್ಲೆಂಡಿನ ಮೋರಿಸ್ ಕಾರಿನ ಕಾಲದ್ದು. ಕ್ರ್ಯಾಂಕಿನ ಹಿಂತುದಿಯಲ್ಲಿ ರಬ್ಬರ್ ಸೀಲೇ ಇಲ್ಲ, ಆಯಿಲನ್ನು ವಾಪಸ್ ತಳ್ಳೋ ಸುರುಳಿ ಗೀರು ಮಾತ್ರ. ಸವೆದ ಎಂಜಿನ್ನಿಗೆ ತೆಳು ಆಯಿಲ್ ಹಾಕಿದರೆ ಅಲ್ಲಿಂದಲೂ ಇಳಿದು ಕ್ಲಚ್ಚಿಗೆ ಹೋಗುತ್ತೆ. ಅಪ್ಪ ಹಾಕ್ತಿದ್ದಿದ್ದು 20ಡಬ್ಲ್ಯು-50 ಮಿನರಲ್ ಆಯಿಲ್. ದುಡ್ಡೂ ಕಮ್ಮಿ.

ಇನ್ನೊಂದು ವಿಷಯ ಇದೆ. ಇದರ ಕ್ಯಾಮ್ ಟ್ಯಾಪೆಟ್ ಮೇಲೆ ಉಜ್ಜಿಕೊಂಡೇ ತಿರುಗಬೇಕು. ಆ ಉಜ್ಜಾಟದ ಸವೆತ ತಡೆಯೋಕೆ ಆಯಿಲ್‌ನಲ್ಲಿ ಜಿಂಕ್ ಮತ್ತು ಫಾಸ್ಫರಸ್ ಸೇರಿದ ಮದ್ದು ಇರುತ್ತೆ. ಹೊಸ ಕಾರಿನ ಸೈಲೆನ್ಸರ್ ಪೈಪಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಫಾಸ್ಫರಸ್ ಆಗಿ ಬರಲ್ಲ ಅಂತ ಈಗಿನ ತೆಳು ಆಯಿಲ್‌ಗಳಲ್ಲಿ ಅದಕ್ಕೆ ಮಿತಿ ಹಾಕಿದ್ದಾರೆ. 20ಡಬ್ಲ್ಯು-50ಯಂಥ ಮಂದ ಆಯಿಲ್‌ಗೆ ಆ ಮಿತಿ ಇಲ್ಲ. ಹೊಸದೆಲ್ಲ ಹಳೇ ಗಾಡಿಗೂ ಒಳ್ಳೇದು ಅಂತ ನಾನು ನಂಬಿದ್ದೆ ನೋಡಿ.

ನಿಮ್ಮ ಮನೇಲಿ ಅಂಬಾಸಿಡರ್ ಇಲ್ಲದಿರಬಹುದು, ಬೈಕಂತೂ ಇರುತ್ತೆ. ಕಾರಿನ ಆಯಿಲ್ ಉಳಿದಿದೆ ಅಂತ ಅದಕ್ಕೆ ಸುರೀಬೇಡಿ. ಬೈಕಿನ ಕ್ಲಚ್ ಹೆಚ್ಚಾಗಿ ಆಯಿಲ್‌ನಲ್ಲೇ ಮುಳುಗಿರೋದರಿಂದ ಜಾರೋಕೆ ಶುರುವಾಗುತ್ತೆ. ಕ್ಯಾನ್ ಮೇಲೆ ಜಾಸೋ ಎಂಎ ಅಂತ ಇದೆಯಾ ನೋಡಿ. ಖಾಲಿ ಕ್ಯಾನ್ ಗುಜರಿಗೆ ಹಾಕೋ ಮುಂಚೆ ತೂತು ಹೊಡೀರಿ, ಇಲ್ಲದಿದ್ದರೆ ಅದರಲ್ಲೇ ನಕಲಿ ತುಂಬಿಸಿ ಮತ್ತೆ ನಿಮಗೇ ಮಾರ್ತಾರೆ. ಹಳೇ ಅಂಬಾಸಿಡರ್ ಇರೋರು ಅಂಗಡಿಯಲ್ಲಿ ಬರೀ ಕಾರಿನ ಹೆಸರು ಹೇಳಬೇಡಿ. ಹಳೇ ಪೆಟ್ರೋಲ್, ಡೀಸೆಲ್, ಆಮೇಲೆ ಬಂದ ಇಸುಝು, ಎಲ್ಲವೂ ಬೇರೆ ಬೇರೆ ಎಂಜಿನ್. ಹಳೇ ಎಲಿಮೆಂಟನ್ನೇ ಕೈಲಿ ಹಿಡ್ಕೊಂಡು ಹೋಗೋದು ವಾಸಿ.

ಅವತ್ತು ರಸ್ತೆ ಬದಿಯ ಹುಣಸೆ ಮರದಡಿ ಮೂರು ಗಂಟೆ ಕೂತಿದ್ವಿ. ಅಪ್ಪ ಬೈತಾನೆ ಅಂತ ಕಾದೆ. ಬೈಯಲಿಲ್ಲ. ತುಂಬ ಹೊತ್ತಾದ ಮೇಲೆ, 'ನನ್ನನ್ನ ಒಂದ್ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನಪ್ಪ' ಅಂದ. ಬೈದಿದ್ದರೇ ಚೆನ್ನಾಗಿತ್ತು. ಭಾಯ್ ಹೊಸ ಆಯಿಲ್ ತುಂಬಿಸಿ, ಕಾಯಿಲ್ ವೈರ್ ಕಿತ್ತು, ಕೆಂಪು ಲೈಟು ಆರೋವರೆಗೂ ಬರೀ ಸೆಲ್ಫ್ ಹೊಡೆಸಿ, ಆಮೇಲೆ ಸ್ಟಾರ್ಟ್ ಮಾಡಿಸಿದರು. ಬೆಟ್ಟದ ಬುಡಕ್ಕೆ ಹೋಗೋ ಹೊತ್ತಿಗೆ ಸಂಜೆಯಾಗಿತ್ತು.

ಈ ವರ್ಷ ಮತ್ತೆ ಆಯಿಲ್ ಬದಲಾಯಿಸಿದ್ವಿ. ಗಾಡಿ ಹೆಚ್ಚು ಓಡಿಲ್ಲ, ಆದರೂ ನಿಂತ ಎಂಜಿನ್ನಿನ ಆಯಿಲ್‌ಗೆ ತೇವ ಸೇರುತ್ತೆ, ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ನಾನು ಬಟ್ಟಲು ಬಿಚ್ಚಿ ದಬ್ಬಳ ಹಿಡಿದು ಹಳೇ ರಿಂಗು ತೆಗೆದೆ. ಅಪ್ಪ ಜಗಲಿಯಿಂದ ಎದ್ದು ಬಂದು, ಬಾನೆಟ್ ಮೇಲೆ ಒಂದು ಕೈ ಊರಿ, ಇನ್ನೊಂದು ಕೈಯ ತೋರುಬೆರಳನ್ನು ಗಾಡಿಯೊಳಗೆ ಸುತ್ತಲೂ ಆಡಿಸಿದ.

'ಇಲ್ಲೊಂದು ಚೂರೈತೆ ನೋಡು' ಅಂದ. ಇತ್ತು.