ನೀರಿನ ಲೆಕ್ಕ

ನಮ್ಮ ಮನೆಯ ಅಂಗಳದಲ್ಲಿ ಒಂದು ಕೆಂಪು ಕಾರಿದೆ. ಸೀಟು ಎರಡೇ. ತಲೆಯ ಮೇಲೆ ಬಟ್ಟೆಯ ಹೊದಿಕೆ. ಹೆಸರು ಸ್ಯಾನ್ ಸ್ಟಾರ್ಮ್. 1990ರ ದಶಕದ ಕೊನೆಯಲ್ಲಿ ಕಾರವಾರದ ಪಕ್ಕದ ಗೋವಾದಲ್ಲೇ ತಯಾರಾಗತೊಡಗಿದ ಸ್ಪೋರ್ಟ್ಸ್ ಕಾರು ಅದು. ಮೈಯೆಲ್ಲ ಫೈಬರ್, ಒಳಗೆ 1.2 ಲೀಟರಿನ ರೆನೋ ಎಂಜಿನ್. ಮಡಗಾಂವಿನಲ್ಲಿದ್ದ ನನ್ನ ತಮ್ಮ ಆಸೆಪಟ್ಟು ಕೊಂಡಿದ್ದ. ಮಗನ ಜೊತೆ ಇರಲು ಪುಣೆಗೆ ಹೋಗುವಾಗ, "ಅಣ್ಣಾ, ಮಾರಲು ಮನಸ್ಸು ಬರೂದಿಲ್ಲ, ನೀನೇ ನೋಡ್ಕೋ" ಎಂದು ಕೀಲಿಯನ್ನು ನನ್ನ ಕೈಯಲ್ಲಿಟ್ಟ.

ಕಳೆದ ಬೇಸಿಗೆ ರಜೆಗೆ ಏಳನೇ ತರಗತಿಯ ಮೊಮ್ಮಗ ಹುಬ್ಬಳ್ಳಿಯಿಂದ ಬಂದ. ಬಂದ ದಿನವೇ ಕಾರಿನ ಬಾನೆಟ್ ಎತ್ತಿಸಿ ಪ್ರಶ್ನೆಗಳ ಮಳೆಗರೆದ. "ಅಜ್ಜಾ, ಕಾರಿಗೆ ನೀರು ಯಾಕೆ?"

ನನಗೆ ಗೊತ್ತಿದ್ದಷ್ಟು ಹೇಳಿದೆ. ಪೆಟ್ರೋಲು ಸುಟ್ಟಾಗ ಬರುವ ಶಾಖದಲ್ಲಿ ಚಕ್ರ ತಿರುಗಿಸಲು ಸಿಗುವುದು ಸುಮಾರು ಕಾಲು ಭಾಗ ಮಾತ್ರ. ಉಳಿದದ್ದು ಸ್ವಲ್ಪ ಹೊಗೆಯ ಜೊತೆ ಹೋಗುತ್ತದೆ, ಸ್ವಲ್ಪ ಎಂಜಿನ್ನನ್ನು ಬಿಸಿ ಮಾಡುತ್ತದೆ. ಆ ಬಿಸಿಯನ್ನು ನೀರು ಹೊತ್ತು ಮುಂದಿನ ರೇಡಿಯೇಟರಿಗೆ ತರುತ್ತದೆ, ಗಾಳಿ ಅದನ್ನು ತಣಿಸುತ್ತದೆ, ಪಂಪು ಮತ್ತೆ ಒಳಕ್ಕೆ ದೂಡುತ್ತದೆ.

"ನೀರು 100 ಡಿಗ್ರಿಗೆ ಕುದಿದು ಹೋಗೂದಿಲ್ವಾ?"

"ಅಜ್ಜಿಯ ಕುಕ್ಕರ್ ನೋಡಿದ್ದೀಯಲ್ಲ ತಮಾ? ಒತ್ತಡದಲ್ಲಿ ನೀರು ಸುಮಾರು 120 ಡಿಗ್ರಿವರೆಗೂ ಕುದಿಯದೆ ಇರ್ತದೆ. ರೇಡಿಯೇಟರ್ ಮುಚ್ಚಳದ ಕೆಲಸವೂ ಅದೇ. ಅದಕ್ಕೇ ಬಿಸಿ ಇದ್ದಾಗ ಅದನ್ನು ಯಾವತ್ತೂ ತೆಗೀಬಾರ್ದು. ಒತ್ತಡ ಇಳಿದ ಕೂಡಲೇ ನೀರೆಲ್ಲ ಒಮ್ಮೆಗೇ ಕುದಿದು ಮುಖಕ್ಕೆ ಹಾರ್ತದೆ."

ಅವನಿಗೆ ಒಂದು ಕೆಲಸ ಒಪ್ಪಿಸಿದೆ. ದಿನಾ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ನೋಡಬೇಕು, ಕಡಿಮೆಯಾಗಿದ್ದರೆ ತುಂಬಬೇಕು, ಎಷ್ಟು ತುಂಬಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ನಮ್ಮ ಬಾವಿಯಿಂದ ಒಂದು ಕೊಡ ನೀರನ್ನು ಪಕ್ಕದಲ್ಲೇ ಇಟ್ಟುಕೊಟ್ಟೆ. ಹುಡುಗ ಶ್ರದ್ಧೆಯಿಂದ ಬರೆಯತೊಡಗಿದ. ಸೋಮವಾರ ಕಾಲು ಲೀಟರು. ಬುಧವಾರ ಕಾಲು ಲೀಟರು. ಶುಕ್ರವಾರ ಅರ್ಧ ಲೀಟರು.

ನನಗೆ ಅನುಮಾನ ಬಂತು. ಕಾರಿನ ಕೆಳಗೆ ಹಳೆಯ ಪೇಪರ್ ಹಾಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಒಂದು ಹನಿಯೂ ಇಲ್ಲ. ರಬ್ಬರ್ ಪೈಪುಗಳ ಸಂದಿಯಲ್ಲಿ ಬೆರಳಾಡಿಸಿದೆ, ಒಣಗಿತ್ತು. ಹಾಗಾದರೆ ನೀರು ಎಲ್ಲಿ ಹೋಗಬೇಕು? ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವನ ತಲೆ ಓಡಿದ್ದು ಒಂದೇ ದಿಕ್ಕಿಗೆ: ಪುಸ್ತಕ ಬರೆದವನೇ ಸುಳ್ಳು ಬರೆದಿದ್ದಾನೆ!

"ನೀನು ನೀರು ತುಂಬದೆ ಬರೀತಿದ್ದೀಯಾ, ಇಲ್ಲ ನೆಲಕ್ಕೆ ಚೆಲ್ಲಿ ಬರೀತಿದ್ದೀಯಾ" ಎಂದು ಗದರಿದೆ.

"ಇಲ್ಲ ಅಜ್ಜಾ, ದೇವರಾಣೆ" ಎಂದ. ಕಣ್ಣಲ್ಲಿ ನೀರು ನಿಂತಿತು. ನಾನು ನಂಬಲಿಲ್ಲ.

ಮರುದಿನ ಅಂಕೋಲೆಗೆ ಹೊರಟೆವು. ಮೇ ತಿಂಗಳು, ಕರಿಈಶಾಡು ಮಾವಿನ ಕಾಲ. 2023ರಲ್ಲಿ ಜಿಐ ಮಾನ್ಯತೆ ಪಡೆದ ಹಣ್ಣು ಅದು. ಅಂಕೋಲೆಯ ಪೇಟೆಯಲ್ಲೇ ಕೊಂಡು ತಿನ್ನಬೇಕೆಂದು ಅಜ್ಜಿಯ ಆಸೆ. ಹುಡುಗ ಮಾತಿಲ್ಲದೆ ಪಕ್ಕದಲ್ಲಿ ಕೂತಿದ್ದ. ಬಿಣಗಾ ದಾಟಿದೆವು, ಚೆಂಡಿಯಾ, ಅಮದಳ್ಳಿ ದಾಟಿದೆವು. ಅಲ್ಲಿಂದ ಮುಂದೆ ಶಾಖದ ಮುಳ್ಳು ನಿಧಾನವಾಗಿ ಮೇಲೇರಿತು. ನನಗೆ ಆತಂಕ. ಅವರ್ಸಾ ಹತ್ತಿರ ಬರುವಾಗ ಮುಳ್ಳು ತಾನಾಗಿ ಸರ್ರನೆ ಇಳಿಯಿತು. ನಿಟ್ಟುಸಿರು ಬಿಟ್ಟೆ.

"ಅಜ್ಜಾ, ಮುಳ್ಳು ಇಳಿದರೂ ಸುಟ್ಟ ವಾಸನೆ ಬರ್ತಾ ಉಂಟು. ಗಾಡಿ ನಿಲ್ಸು" ಎಂದ ಹುಡುಗ.

ರಸ್ತೆ ಬದಿಯ ಮರದ ನೆರಳಿಗೆ ತಂದು ಎಂಜಿನ್ ಬಂದ್ ಮಾಡಿದೆ. ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ನನ್ನ ಸಿಟ್ಟು ನೆತ್ತಿಗೇರಿತು. "ನೋಡು, ಈಗ ಮುಚ್ಚಳ ತೆಗೆದು ತೋರಿಸ್ತೇನೆ, ಒಳಗೆ ನೀರೇ ಹಾಕಿಲ್ಲ ನೀನು!" ಎಂದು ಕರ್ಚೀಫು ಸುತ್ತಿ ಮುಚ್ಚಳಕ್ಕೆ ಕೈ ಹಾಕಿದೆ.

ಹುಡುಗ ನನ್ನ ಮಣಿಕಟ್ಟನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದ. "ಅಜ್ಜಾ, ಕುಕ್ಕರ್!"

ಆ ಒಂದು ಮಾತಿಗೆ ನನ್ನ ಕೈ ನಿಂತಿತು. ಅವನಿಗೆ ಪಾಠ ಹೇಳಿದವನು ನಾನೇ. ಮರೆತವನೂ ನಾನೇ. ನನ್ನ ಮುಖ, ಕಣ್ಣು ಉಳಿದದ್ದು ನಾನು ಸುಳ್ಳುಗಾರ ಎಂದ ಹುಡುಗನಿಂದ.

ಒಂದು ತಾಸು ಕಾದೆವು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರುಕು ಬಿಡಬಹುದು, ಹಾಗಾಗಿ ನೀರನ್ನೂ ಮುಟ್ಟಲಿಲ್ಲ. ಆಮೇಲೆ ಟೆಂಪೋ ತರಿಸಿ ಕಾರನ್ನು ಕಾರವಾರದ ಗ್ಯಾರೇಜಿಗೆ ಸಾಗಿಸಿದೆವು.

ಗ್ಯಾರೇಜಿನ ಯಜಮಾನ ನನ್ನ ದೂರನ್ನೆಲ್ಲ ಕೇಳಿ ನಕ್ಕ. "ಸರ್, ನೀರು ಮಾಯ ಆಗೂದಿಲ್ಲ. ಹೋಗೂದಕ್ಕೆ ಮೂರೇ ದಾರಿ. ಒಂದು, ನೆಲಕ್ಕೆ ಬೀಳ್ತದೆ. ಎರಡು, ಎಂಜಿನ್ ಒಳಗೆ ಹೋಗ್ತದೆ. ಮೂರು, ಬಿಸಿಗೆ ಆರಿ ಹೋಗ್ತದೆ. ಒಂದೊಂದಾಗಿ ನೋಡುವಾ."

ಮೊದಲು ಆಯಿಲ್ ಕಡ್ಡಿ ಎಳೆದು ನೋಡಿದ. ನೀರು ಆಯಿಲ್‌ಗೆ ಸೇರಿದ್ದರೆ ಅದು ಹಾಲು ಹಾಕಿದ ಚಹಾದಂತೆ ಕಾಣುತ್ತದಂತೆ, ನಮ್ಮದು ಚೆನ್ನಾಗಿತ್ತು. ಸೈಲೆನ್ಸರಿನಿಂದ ನಿಲ್ಲದೆ ಬಿಳಿ ಹೊಗೆ ಬರುತ್ತಿದೆಯೇ ಎಂದು ಕೇಳಿದ. ಇರಲಿಲ್ಲ. ಹಾಗಾದರೆ ಹೆಡ್ ಗ್ಯಾಸ್ಕೆಟ್ ಬಹುಶಃ ಉಳಿದಿದೆ, ಇನ್ನೊಂದು ಐದು ನಿಮಿಷ ಓಡಿಸಿದ್ದರೆ ಹೆಡ್ಡೇ ಸೊಟ್ಟಗಾಗುತ್ತಿತ್ತೇನೋ ಎಂದ. ಆಮೇಲೆ ನೀರು ತುಂಬಿ, ಮುಚ್ಚಳದ ಜಾಗಕ್ಕೆ ಮೀಟರಿರುವ ಕೈಪಂಪು ಕೂರಿಸಿ ಗಾಳಿ ಒತ್ತಿದ. ಮೀಟರಿನ ಮುಳ್ಳು ನಿಧಾನಕ್ಕೆ ಇಳಿಯಿತು. ಟಾರ್ಚು ಹಿಡಿದು ರೇಡಿಯೇಟರಿನ ಹಿಂಬದಿ ತೋರಿಸಿದ. ಒಂದು ಮೂಲೆಯಲ್ಲಿ ಸೂಜಿ ಮೊನೆಯಷ್ಟು ತೂತು, ಅದರಿಂದ ಮಂಜಿನಂತೆ ನೀರು. ಸುತ್ತ ಬಿಳಿ ಕಲೆ.

ತಣ್ಣಗಿರುವಾಗ ಒತ್ತಡ ಇರುವುದಿಲ್ಲ, ಅದಕ್ಕೇ ಪೇಪರಿನ ಮೇಲೆ ಹನಿ ಬೀಳಲಿಲ್ಲ. ಓಡುವಾಗ ಒತ್ತಡಕ್ಕೆ ಸಿಡಿದ ನೀರು ಬಿಸಿ ರೇಡಿಯೇಟರಿನ ಮೇಲೇ ಆರಿಹೋಗುತ್ತಿತ್ತು. ಮುಳ್ಳು ಇಳಿದದ್ದರ ಗುಟ್ಟನ್ನೂ ಹೇಳಿದ: ನೀರು ತೀರಾ ಕಡಿಮೆಯಾದಾಗ ಶಾಖ ಅಳೆಯುವ ಸೆನ್ಸರ್ ನೀರಿನಲ್ಲಿ ಮುಳುಗಿರುವುದೇ ಇಲ್ಲ, ಹಾಗಾಗಿ ತಪ್ಪು ತೋರಿಸಬಹುದು. ಏರಿದ ಮುಳ್ಳು ಕಾರಣವಿಲ್ಲದೆ ಇಳಿದರೆ ಸಂತೋಷಪಡಬಾರದು.

ಯಜಮಾನ ಆ ಬಿಳಿ ಕಲೆಯನ್ನು ಉಗುರಿನಲ್ಲಿ ಕೆರೆದ. "ಯಾವ ನೀರು ಹಾಕ್ತಿದ್ರಿ ಸರ್?"

"ನಮ್ಮ ಬಾವಿಯದ್ದು" ಎಂದೆ.

"ಕಡಲ ಬದಿಯ ಬಾವಿ. ಬೇಸಿಗೆಯಲ್ಲಿ ಸವಳು. ಉಪ್ಪುನೀರು ಅಲ್ಯೂಮಿನಿಯಂ ತಿಂದು ಹಾಕ್ತದೆ ಸರ್. ಕೂಲೆಂಟ್ ಹಾಕ್ಬೇಕು."

ಎರಡು ವರ್ಷದಿಂದ ಖರ್ಚು ಉಳಿಸಲು ಬಾವಿನೀರು ಹಾಕಿದವನು ನಾನು. ತೂತು ಕೊರೆದವನು ನಾನು. ಬೈಸಿಕೊಂಡವನು ಹುಡುಗ.

ಹೊಸ ರೇಡಿಯೇಟರ್ ಬಂತು. ಈಗ ಒಳಗಿರುವುದು ಅರ್ಧ ಕೂಲೆಂಟ್, ಅರ್ಧ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್. ಕೂಲೆಂಟಿನಲ್ಲಿ ತುಕ್ಕು ತಡೆಯುವ ಮದ್ದಿದೆ, ಕುದಿಯುವ ಬಿಂದುವನ್ನೂ ಅದು ಸ್ವಲ್ಪ ಏರಿಸುತ್ತದೆ. ಆದರೆ ಮಕ್ಕಳೇ, ಅದು ರುಚಿಗೆ ಸಿಹಿಯಾದ ವಿಷ. ಮಕ್ಕಳ, ನಾಯಿ ಬೆಕ್ಕುಗಳ ಬಾಯಿಗೆ ಸಿಗದಂತೆ ಎತ್ತರದಲ್ಲಿಡಬೇಕು.

ಆ ಸಂಜೆ ಹುಡುಗನನ್ನು ಕರೆದು ಅವನ ಪುಸ್ತಕ ತರಿಸಿದೆ. ಬ್ಯಾಂಕಿನಲ್ಲಿ ತಪ್ಪು ಬರೆದರೆ ರಬ್ಬರಿನಿಂದ ಅಳಿಸುವ ಹಾಗಿಲ್ಲ. ಸರಿಯಾದದ್ದನ್ನು ಬರೆದು ಸಹಿ ಮಾಡಬೇಕು. ಅವನ ಲೆಕ್ಕದ ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: "ಮೇಲಿನ ಎಲ್ಲ ಲೆಕ್ಕ ಸರಿ ಇದೆ. ಅನುಮಾನಪಟ್ಟದ್ದು ಅಜ್ಜನ ತಪ್ಪು." ಸಹಿ ಹಾಕಿದೆ. ಹುಡುಗ ಓದಿ, "ತಾರೀಖು ಹಾಕು ಅಜ್ಜಾ" ಎಂದ. ಹಾಕಿದೆ.

ಕರಿಈಶಾಡು ಹಣ್ಣನ್ನು ಮರುವಾರ ಬಸ್ಸಿನಲ್ಲಿ ಹೋಗಿ ತಂದೆವು. ಶಾಲೆ ಶುರುವಾಗುವಾಗ ಹುಡುಗ ಪುಸ್ತಕವನ್ನು ನನಗೇ ಬಿಟ್ಟು ಹೋದ. ಈಗ ಬೆಳಿಗ್ಗೆ ಎದ್ದು, ಎಂಜಿನ್ ತಣ್ಣಗಿದೆಯೇ ಎಂದು ಮುಟ್ಟಿ ನೋಡಿ, ಮುಚ್ಚಳ ತೆಗೆದು ಬರೆಯುವವನು ನಾನು. ಭಾನುವಾರ ಅವನು ಫೋನು ಮಾಡಿ ಮೊದಲು ಕೇಳುವುದು, "ಎಷ್ಟು ತುಂಬಿದೆ ಅಜ್ಜಾ?"

"ಸೊನ್ನೆ" ಎನ್ನುತ್ತೇನೆ. ಅವನು ನಂಬುತ್ತಾನೆ.