ಬಿದ್ದದ್ದನ್ನು ಬಚ್ಚಿಡಬೇಡಿ



ಬೀಳುವುದು ಒಂದು ಕ್ಷಣದ ಮಾತು. ಬಿದ್ದ ಮೇಲೆ ಮನಸ್ಸಿನಲ್ಲಿ ಏಳುವ ಚಿಂತೆಯಾದರೋ ಹಗಲಿರುಳು ಬೆನ್ನು ಬಿಡುವುದಿಲ್ಲ. ಕಳೆದ ಮಳೆಗಾಲದಲ್ಲಿ ಇದು ನನಗೆ ಚೆನ್ನಾಗಿ ಅರಿವಾಯಿತು.

ಧಾರವಾಡದ ಕೆಲಗೇರಿ ಕೆರೆಯ ದಂಡೆಯ ಮೇಲೆ ಬೆಳಗಿನ ನಡಿಗೆ ನನ್ನ ಹಲವು ವರ್ಷಗಳ ರೂಢಿ. ಅಂದು ರಾತ್ರಿಯಿಡೀ ಜಿಟಿಜಿಟಿ ಮಳೆ ಸುರಿದು ನೆಲ ಬೆಣ್ಣೆಯಂತಾಗಿತ್ತು. ಹೆಜ್ಜೆ ಜಾರಿ ಹಿಮ್ಮುಖವಾಗಿ ಬಿದ್ದೆ. ತಲೆಯ ಹಿಂಭಾಗ ಒಂದು ಕಲ್ಲಿಗೆ ತಗುಲಿತು. ಅಲ್ಲಿ ನಡೆಯುತ್ತಿದ್ದ ಇಬ್ಬರು ಓಡಿ ಬಂದು, “ಭಾಳ ಪೆಟ್ಟಾತೇನ್ರಿ ಫಾದರ್?” ಎಂದು ಕೇಳಿದರು. ಅವರಲ್ಲೊಬ್ಬರು, “ಕುತ್ತಿಗಿ ಉಳುಕಿದ್ರ ಈಗ ತೆಗದಬಿಡ್ತೀನ್ರಿ” ಎಂದು ಕೈ ಚಾಚಿದರು. “ಏನೂ ಆಗಿಲ್ಲ” ಎಂದು ನಕ್ಕು, ಬಟ್ಟೆ ಕೊಡವಿಕೊಂಡು ಮನೆಗೆ ಬಂದೆ. ನೋವಿಗಿಂತ, ಜನರ ಮುಂದೆ ಬಿದ್ದ ನಾಚಿಕೆಯೇ ದೊಡ್ಡದಾಗಿತ್ತು. ಬಲಿಪೂಜೆ ಅರ್ಪಿಸಿದೆ, ಇಬ್ಬರು ರೋಗಿಗಳನ್ನು ಕಂಡು ಬಂದೆ. ಬಿದ್ದ ವಿಷಯವನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಬಿಗಿಯಿತು. ರಾತ್ರಿಯಾದಂತೆ ಚಿಂತೆ ಬೆಳೆಯಿತು. ಕತ್ತನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿಸಿ ನೋಡಿದೆ. ಬೆರಳುಗಳನ್ನು ಮಡಚಿ ಬಿಡಿಸಿದೆ. ದೀಪ ಹಚ್ಚಿ ಕನ್ನಡಿಯಲ್ಲಿ ಕಣ್ಣಿನ ಪಾಪೆಗಳನ್ನು ಪರೀಕ್ಷಿಸಿದೆ. ಪ್ರತಿ ಪರೀಕ್ಷೆಯೂ ಐದು ನಿಮಿಷದ ಸಮಾಧಾನ ಕೊಡುತ್ತಿತ್ತು. ಆರನೆಯ ನಿಮಿಷಕ್ಕೆ ಮತ್ತದೇ ಭಯ. ಮಲಗಿದರೆ ಬೆಳಿಗ್ಗೆ ಏಳುತ್ತೇನೋ ಇಲ್ಲವೋ ಎಂಬ ಶಂಕೆ.

ನನ್ನ ಭಯಕ್ಕೆ ಒಂದು ಹಳೆಯ ಕಾರಣವಿತ್ತು. 2003ರಲ್ಲಿ ನನ್ನ ತಾಯಿ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದರು. ಎಪ್ಪತ್ತು ದಾಟಿದ ವಯಸ್ಸು. ಒಂದು ದಿನ ಫೋನಿನಲ್ಲಿ ಮಾತನಾಡುತ್ತ, “ಬಚ್ಚಲದಾಗ ಚೂರು ಜಾರಿದೆಪಾ, ಏನೂ ಆಗಿಲ್ಲ. ಅಣ್ಣಗ ಹೇಳಬ್ಯಾಡ, ಸುಮ್ಮನ ಗಾಬರಿ ಆಗ್ತಾನ” ಎಂದರು. ನಾನೂ ಹೇಳಲಿಲ್ಲ. ವಿಶ್ರಾಂತಿ ತೆಗೆದುಕೊಳ್ಳಲು ತಿಳಿಸಿ, ದೇವರು ಕಾಯುತ್ತಾನೆಂದು ಧೈರ್ಯ ತುಂಬಿ ಫೋನ್ ಇಟ್ಟೆ. ಮೂರು ವಾರಗಳಲ್ಲಿ ತಂಬಿಗೆ ಅವರ ಕೈಯಿಂದ ಜಾರತೊಡಗಿತು, ನಡಿಗೆ ಒಂದು ಬದಿಗೆ ವಾಲಿತು, ಮೊಮ್ಮಕ್ಕಳ ಹೆಸರುಗಳು ಅದಲುಬದಲಾದವು. ಮನೆಯವರು ವಯಸ್ಸಾಯಿತೆಂದು ಸುಮ್ಮನಾದರು. ಬಿದ್ದದ್ದು ಅವರಿಗೆ ಗೊತ್ತೇ ಇರಲಿಲ್ಲ. ಒಂದು ಬೆಳಿಗ್ಗೆ ತಾಯಿ ಏಳಲಿಲ್ಲ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದಾಗ ತಲೆಬುರುಡೆಯೊಳಗೆ ರಕ್ತ ಮಡುಗಟ್ಟಿರುವುದು ಕಂಡಿತು. ಶಸ್ತ್ರಚಿಕಿತ್ಸೆಯಾದರೂ ತಡವಾಗಿತ್ತು. ಅವರಿಗೆ ಅಭ್ಯಂಗ ಸಂಸ್ಕಾರವನ್ನು ನೀಡಿದ ಕೈ ನನ್ನದೇ.

ಹೀಗೇಕಾಗುತ್ತದೆ ಎಂಬುದನ್ನು ಆಮೇಲೆ ತಿಳಿದುಕೊಂಡೆ. ವಯಸ್ಸಾದಂತೆ ಮೆದುಳು ತುಸು ಕುಗ್ಗುತ್ತದೆ. ಮೆದುಳಿಗೂ ಅದರ ಹೊದಿಕೆಗೂ ನಡುವೆ ಹಾದುಹೋಗುವ ಸಣ್ಣ ರಕ್ತನಾಳಗಳು ಆಗ ಎಳೆದಂತಾಗಿರುತ್ತವೆ. ಸಣ್ಣ ಪೆಟ್ಟಿಗೂ ಅವು ಹರಿದು ರಕ್ತ ಮೆಲ್ಲಮೆಲ್ಲನೆ ಒಸರುತ್ತದೆ. ತೊಂದರೆ ಕಾಣಲು ವಾರಗಳೇ ಹಿಡಿಯಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಅಪಾಯ ಇನ್ನೂ ಹೆಚ್ಚು. ಸಕಾಲದಲ್ಲಿ ಗೊತ್ತಾದರೆ, ಬುರುಡೆಗೆ ಸಣ್ಣ ರಂಧ್ರ ಕೊರೆದು ಆ ರಕ್ತವನ್ನು ಹೊರತೆಗೆಯಬಹುದು. ಅನೇಕರು ಗುಣ ಹೊಂದುತ್ತಾರೆ.

ಕೆಲವೊಮ್ಮೆ ಅಪಾಯ ಕೆಲವೇ ಗಂಟೆಗಳಲ್ಲಿ ಎರಗುತ್ತದೆ. 1998ರ ಫೆಬ್ರವರಿಯಲ್ಲಿ ನಮ್ಮ ದೇಶದ ಕ್ರಿಕೆಟ್ ಆಟಗಾರ ರಮಣ್ ಲಾಂಬಾ ಢಾಕಾದಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟುಗಾರನ ಸಮೀಪ ನಿಂತಿದ್ದಾಗ ಚೆಂಡು ತಲೆಗೆ ಬಡಿಯಿತು. ಅವರು ಎದ್ದು ಮೈದಾನದಿಂದ ನಡೆದೇ ಹೊರಬಂದರು. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ತಪ್ಪಿತು. ಮೂರು ದಿನಗಳಲ್ಲಿ ತೀರಿಕೊಂಡರು. ಹಾಲಿವುಡ್ ನಟಿ ನತಾಶಾ ರಿಚರ್ಡ್‌ಸನ್ 2009ರಲ್ಲಿ ಕೆನಡಾದ ಹಿಮದ ಇಳಿಜಾರಿನಲ್ಲಿ ಬಿದ್ದು, ಏನೂ ಆಗಿಲ್ಲವೆಂದು ಮೊದಲು ನೆರವನ್ನು ನಿರಾಕರಿಸಿದ್ದರು. ಎರಡು ದಿನಗಳಲ್ಲಿ ಅವರೂ ಮೃತರಾದರು. ಬಿದ್ದವರು ಎದ್ದು ನಡೆದರು, ನಕ್ಕರು ಎಂಬುದೊಂದೇ ಸಾಕ್ಷಿಯಾಗಲಾರದು.

ಇವೆಲ್ಲ ಆ ರಾತ್ರಿ ನನ್ನ ಕಣ್ಣೆದುರಿಗೆ ಬಂದವು. ಆದರೂ ಬಾಗಿಲು ತೆರೆದು ಯಾರನ್ನೂ ಕರೆಯಲಿಲ್ಲ! ಬೆಳಿಗ್ಗೆ ಅಡುಗೆಯ ಅಕ್ಕನಿಗೆ ಹೇಳಿದಾಗ ಅವರು ಬೈದೇ ಬಿಟ್ಟರು: “ರಾತ್ರೀನ ಹೇಳಬಾರದಿತ್ತೇನ್ರಿ ಫಾದರ್? ನಾವೇನ್ ಹೊರಗಿನವರೇನ್ರಿ?” ತಕ್ಷಣ ನೆರೆಯ ಯುವಕನೊಬ್ಬನನ್ನು ಕರೆದು ನನ್ನನ್ನು ವೈದ್ಯರಲ್ಲಿಗೆ ಕಳುಹಿಸಿದರು.

ವೈದ್ಯರು ಸಾವಧಾನವಾಗಿ ಕೇಳಿದರು: ಪ್ರಜ್ಞೆ ತಪ್ಪಿತ್ತೇ? ಬೀಳುವ ಮುಂಚಿನದೂ ಅನಂತರದ್ದೂ ನೆನಪಿದೆಯೇ? ವಾಂತಿಯಾಯಿತೇ? ಕೈಕಾಲು ಜೋಮು ಹಿಡಿದಿದೆಯೇ? ರಕ್ತ ತೆಳುವಾಗಿಸುವ ಮಾತ್ರೆ ಇದೆಯೇ? ಎಚ್ಚರದ ಮಟ್ಟವನ್ನು ಅಳೆಯಲು ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ವೈದ್ಯರು 1974ರಲ್ಲಿ ಪ್ರಕಟಿಸಿದ ಮಾಪನವೊಂದಿದೆ. ಅದರಲ್ಲಿ ಪೂರ್ಣ ಅಂಕ 15. ನನಗೆ 15 ಬಂದವು. ಬಳಿಕ ಕುತ್ತಿಗೆಯ ಮೂಳೆಯ ಮೇಲೆ ಬೆರಳೊತ್ತಿ ನೋಡಿದರು, ಕತ್ತನ್ನು ಎರಡೂ ಬದಿಗೆ 45 ಡಿಗ್ರಿ ತಿರುಗಿಸಲು ಹೇಳಿದರು. 2001ರಲ್ಲಿ ಕೆನಡಾದ ವೈದ್ಯರು ರೂಪಿಸಿದ ನಿಯಮವದು. ನೋವು ಬಿದ್ದಾಗಲೇ ಬಾರದೆ ತಡವಾಗಿ ಬಂದದ್ದು, ನಾನು ನಡೆದಾಡಿದ್ದು, ಕತ್ತು ತಿರುಗಿದ್ದು ಎಲ್ಲವೂ ಒಳ್ಳೆಯ ಸೂಚನೆಗಳೆಂದರು. ಸ್ನಾಯುವಿನ ನೋವಷ್ಟೇ, ಎಕ್ಸ್-ರೇ, ಸ್ಕ್ಯಾನ್ ಯಾವುದೂ ಬೇಕಾಗಲಿಲ್ಲ. “65 ದಾಟಿದವರಾಗಿದ್ದರೆ ಇಷ್ಟಕ್ಕೇ ಬಿಡುತ್ತಿರಲಿಲ್ಲ” ಎಂದೂ ಎಚ್ಚರಿಸಿದರು.

ಅವರು ಹೇಳಿದ ಇನ್ನಷ್ಟು ಮಾತುಗಳನ್ನು ನಿಮ್ಮ ಕುಟುಂಬಕ್ಕಾಗಿ ಇಲ್ಲಿ ಬರೆಯುತ್ತೇನೆ. ತಲೆಗೆ ಪೆಟ್ಟು ಬಿದ್ದವರನ್ನು ಮೊದಲ 24 ಗಂಟೆ ಒಂಟಿಯಾಗಿ ಬಿಡಬಾರದು. ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೆ ಅವರು ನಿದ್ರಿಸಬಹುದು. ಮದ್ಯ, ನಿದ್ರೆಮಾತ್ರೆ ಮಾತ್ರ ಸಲ್ಲದು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಮಾತಿನಲ್ಲಿ ಗೊಂದಲ, ಕೈಕಾಲಿನ ಬಲಹೀನತೆ, ಫಿಟ್ಸ್, ಮೂಗು ಅಥವಾ ಕಿವಿಯಿಂದ ನೀರಿನಂಥ ದ್ರವ ಒಸರುವುದು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಕುತ್ತಿಗೆಗೆ ಪೆಟ್ಟಾದ ಶಂಕೆಯಿದ್ದರೆ ಬಿದ್ದವರನ್ನು ಎತ್ತಿ ಕೂರಿಸಬಾರದು, ಉಳುಕು ತೆಗೆಯಬಾರದು. ಅಲುಗಾಡಿಸದೆ 108ಕ್ಕೆ ಕರೆ ಮಾಡಬೇಕು.

ಮನೆಗೆ ಮರಳಿದಾಗ ಪ್ರೇಷಿತರ ಕಾರ್ಯಕಲಾಪಗಳ ಇಪ್ಪತ್ತನೆಯ ಅಧ್ಯಾಯ ನೆನಪಾಯಿತು. ತ್ರೋವದಲ್ಲಿ ಪೌಲರು ನಡುರಾತ್ರಿಯವರೆಗೂ ಬೋಧಿಸುತ್ತಿದ್ದಾಗ, ಕಿಟಕಿಯಲ್ಲಿ ಕುಳಿತಿದ್ದ ಯೂತಿಕನೆಂಬ ಯುವಕ ತೂಕಡಿಸಿ ಮೂರನೆಯ ಅಂತಸ್ತಿನಿಂದ ಕೆಳಕ್ಕೆ ಬಿದ್ದ. ಪೌಲರು ಮೇಲೆ ನಿಂತು ಸಾಂತ್ವನ ಹೇಳಲಿಲ್ಲ. ಬೋಧನೆ ನಿಲ್ಲಿಸಿ ಕೆಳಗಿಳಿದು ಹೋದರು, ಅವನನ್ನು ತಬ್ಬಿಕೊಂಡರು. ಅವನಲ್ಲಿ ಜೀವವಿದೆಯೆಂದು ಕಂಡ ಮೇಲೆಯೇ ಗಾಬರಿಪಡಬೇಡಿರೆಂದು ಜನರಿಗೆ ತಿಳಿಸಿದರು. ಗುರುಮಠದಲ್ಲಿ ಈ ಭಾಗವನ್ನು ಎಷ್ಟೋ ಸಲ ಓದಿದ್ದೆ. ನನ್ನ ತಾಯಿಗೆ ನಾನು ಧೈರ್ಯ ಹೇಳಿದ್ದು ಇಳಿದು ಹೋಗಿ ನೋಡದೆಯೇ ಎಂಬುದು ಮಾತ್ರ ಅಂದೇ ಹೊಳೆಯಿತು.

ಓದುಗರೇ, ನಿಮ್ಮ ಮನೆಯ ಹಿರಿಯರು ಬಿದ್ದದ್ದನ್ನು ಮುಚ್ಚಿಡುವುದು ನಿಮಗೆ ಹೊರೆಯಾಗಬಾರದೆಂದೇ. ಸ್ವಲ್ಪ ಜಾರಿದೆ ಎಂದು ಅವರೆಂದಾಗ ಕೈಕೆಲಸ ಬಿಟ್ಟು ಹತ್ತಿರ ಹೋಗಿ ಕೂಡಿರಿ, ಎಲ್ಲಿ, ಹೇಗೆ, ಎಂದು ಎಂಬುದನ್ನು ಬೈಯದೆ ಕೇಳಿರಿ, ವೈದ್ಯರಿಗೆ ತೋರಿಸಿರಿ. ನೀವೇ ಬಿದ್ದಿದ್ದರೆ ನಾಚದೆ ಒಬ್ಬರಿಗಾದರೂ ಹೇಳಿರಿ. ವೈದ್ಯರು ಅಪಾಯವಿಲ್ಲವೆಂದ ಮೇಲೆ ಆ ಮಾತನ್ನು ನಂಬಿ ಚಿಂತೆಯನ್ನು ಕೆಳಗಿಳಿಸಿರಿ. ಅಂದು ರಾತ್ರಿ ನಾನು ಕನ್ನಡಿಯ ಮುಂದೆ ನಿಲ್ಲಲಿಲ್ಲ. ಹೊರಗಿನ ಕೋಣೆಯಲ್ಲಿ ಆ ಯುವಕ ಮಲಗಿದ್ದ. ನಾನೂ ನೆಮ್ಮದಿಯಿಂದ ನಿದ್ರಿಸಿದೆ.