ಮಡಿಲಲ್ಲಿ ಕೂಸು, ಮುಗಿಲಲ್ಲಿ ಪಯಣ

ಅಜ್ಜಿಯ ಮನೆಯೆಂದರೆ ಒಂದು ಕಾಲಕ್ಕೆ ಬಸ್ಸಿನ ದೂರ. ಬೇಸಿಗೆ ರಜೆ ಬಂತೆಂದರೆ ಕೆಂಪು ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟಿಗಾಗಿ ಅಣ್ಣತಮ್ಮಂದಿರು ಜಗಳಾಡಿ, ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಮುಗಿಸುವಷ್ಟರಲ್ಲಿ ಊರು ಬಂದಿರುತ್ತಿತ್ತು. ಈಗ ಎಷ್ಟೋ ಮಕ್ಕಳಿಗೆ ಅದೇ ಅಜ್ಜಿಯ ಮನೆ ಸುಮಾರು 14,000 ಕಿಲೋಮೀಟರ್ ದೂರ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಸುತ್ತಲಿನ ಸನ್ನಿವೇಲ್, ಫ್ರೀಮಾಂಟ್‌ನಂಥ ಊರುಗಳಲ್ಲಿ ಹುಟ್ಟಿದ ಕನ್ನಡದ ಕೂಸುಗಳು ಮೈಸೂರಿನದೋ ಶಿವಮೊಗ್ಗದ್ದೋ ಅಜ್ಜಿಯ ಮಡಿಲು ಸೇರಬೇಕಾದರೆ ಒಂದು ಹಗಲು, ಒಂದು ರಾತ್ರಿಯನ್ನು ದಾರಿಯಲ್ಲೇ ಕಳೆಯಬೇಕು. ಅದೂ ಇಕಾನಮಿ ದರ್ಜೆಯಲ್ಲಿ, ಮುಂದಿನವರ ಬೆನ್ನಿಗೆ ಮೊಣಕಾಲು ತಾಗಿಸಿಕೊಂಡು.

ನೇರ ದಾರಿ ಇಲ್ಲವೆಂದೇನಲ್ಲ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೊದಿಂದ ಹೊರಟು, ಉತ್ತರ ಧ್ರುವದ ಮೇಲಿಂದ ಹಾದು, ಎಲ್ಲೂ ಇಳಿಯದೆ ಬೆಂಗಳೂರು ತಲುಪಿತು. ಚಾಲಕರೆಲ್ಲ ಮಹಿಳೆಯರು, ನಾಯಕಿ ಕ್ಯಾಪ್ಟನ್ ಜೋಯಾ ಅಗರ್ವಾಲ್. ಆದರೆ ಇಂಥ ನೇರ ಸೇವೆಗಳು ಶುರುವಾಗುತ್ತವೆ, ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಹೆಚ್ಚಿನ ಕುಟುಂಬಗಳಿಗೆ ನಡುವೆ ಎಲ್ಲಾದರೂ ವಿಮಾನ ಬದಲಿಸುವುದು ತಪ್ಪಿದ್ದಲ್ಲ. ಫ್ರಾಂಕ್‌ಫರ್ಟ್ ದಾರಿ ಹಿಡಿದರೆ ಮೊದಲು ಸುಮಾರು 11 ಗಂಟೆ, ಆಮೇಲೆ ಸುಮಾರು 9 ಗಂಟೆ. ದುಬೈ ದಾರಿಯಾದರೆ ಮೊದಲ ಹಾರಾಟವೇ ಹೆಚ್ಚುಕಡಿಮೆ 16 ಗಂಟೆ, ಉಳಿದದ್ದು ನಾಲ್ಕು. ಪುಟ್ಟ ಮಕ್ಕಳಿರುವ ಮನೆಗಳಲ್ಲಿ ಈ ಲೆಕ್ಕದ ಮೇಲೆ ವಾರಗಟ್ಟಲೆ ಚರ್ಚೆ ನಡೆಯುತ್ತದೆ. ಮಗು ಮಲಗುವ ಹೊತ್ತಿಗೆ ವಿಮಾನ ಮೇಲೇಳಬೇಕು, ನಡುದಾರಿಯ ನಿಲ್ದಾಣದಲ್ಲಿ ಅದಕ್ಕೆ ಓಡಾಡಲು ಎರಡು ಮೂರು ಗಂಟೆಯಾದರೂ ಸಿಗಬೇಕು. ಹೊರಡುವ ಗಳಿಗೆಯನ್ನು ಪಂಚಾಂಗ ನೋಡಿ ನಿರ್ಧರಿಸುವವರಿಗೂ ಇಷ್ಟು ತಲೆಬಿಸಿ ಇರಲಾರದು.

ಇನ್ನು ಟಿಕೆಟಿನ ಲೆಕ್ಕ. ಎರಡು ವರ್ಷ ತುಂಬದ ಕೂಸಿಗೆ ಪ್ರತ್ಯೇಕ ಆಸನವಿಲ್ಲ. ಅದರ ಜಾಗ ಅಪ್ಪ ಅಮ್ಮನ ಮಡಿಲು. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಅದಕ್ಕೆ ಸಾಮಾನ್ಯವಾಗಿ ದೊಡ್ಡವರ ದರದ ಶೇಕಡಾ 10ರಷ್ಟು. ಎರಡು ತುಂಬಿದ ಮರುದಿನದಿಂದ ಮಗುವಿಗೂ ಒಂದು ಸೀಟು, ದೊಡ್ಡವರ ದರದ ಮುಕ್ಕಾಲು ಭಾಗ ಅಥವಾ ಪೂರ್ತಿ ಹಣ. ಊರಿನಲ್ಲಿರುವಾಗಲೇ ಹುಟ್ಟುಹಬ್ಬ ಬಂದರೆ ಹಿಂದಿರುಗುವಾಗ ಮಡಿಲಿನ ಲೆಕ್ಕ ನಡೆಯುವುದಿಲ್ಲ. ಹೀಗಾಗಿ ಎರಡನೆಯ ಹುಟ್ಟುಹಬ್ಬಕ್ಕೆ ಮೊದಲು ಒಮ್ಮೆ ಊರಿಗೆ ಹೋಗಿಬರುವ ಧಾವಂತ ಬಹಳ ಮನೆಗಳಲ್ಲಿ ಕಾಣುತ್ತದೆ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೋದ ಅಜ್ಜಿ ಸಾಮಾನ್ಯವಾಗಿ ಆರು ತಿಂಗಳೊಳಗೆ ಹಿಂದಿರುಗಬೇಕು. ಎಣ್ಣೆ ಹಚ್ಚಿ ನೀರೆರೆದ ಕೂಸು ಅಲ್ಲಿಂದಾಚೆ ಅವಳಿಗೆ ಫೋನಿನ ಪರದೆಯ ಮೇಲಿನ ಮುಖ. ಎರಡನೆಯ ಮಗು ಹುಟ್ಟಿ ನಾಲ್ಕು ಟಿಕೆಟ್ ಕೊಳ್ಳುವಂತಾದಾಗ, ಶಾಲೆಯ ರಜೆಯ ತಿಂಗಳುಗಳಲ್ಲೇ ದರ ಏರಿದಾಗ, ವರ್ಷಕ್ಕೊಮ್ಮೆಯ ಭೇಟಿ ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ ಆಗುತ್ತದೆ. ದುಡ್ಡಿನ ಜೊತೆಗೆ ಇನ್ನೊಂದು ಕಾರಣವೂ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಹೋದ ಸಲದ ಪ್ರಯಾಣದ ನೆನಪು.

ಆ ನೆನಪು ಎಂಥದೆಂದು ತಿಳಿಯಬೇಕಾದರೆ ಇಕಾನಮಿ ದರ್ಜೆಯ ಅಳತೆ ತಿಳಿಯಬೇಕು. ಹಣವಂತರ ಪಾಲಾಗಿದ್ದ ವಿಮಾನ ಪ್ರಯಾಣ ಮಧ್ಯಮ ವರ್ಗಕ್ಕೂ ಎಟುಕಲೆಂದು ಅಟ್ಲಾಂಟಿಕ್ ಸಾಗರದ ದಾರಿಯಲ್ಲಿ 1952ರಲ್ಲಿ ಟೂರಿಸ್ಟ್ ದರ್ಜೆ ಬಂತು, 1958ರಲ್ಲಿ ಇಕಾನಮಿ ದರ್ಜೆ. ಇಂದು ಆ ಆಸನದ ಅಗಲ 17-18 ಅಂಗುಲ, ಒಂದು ಸಾಲಿಗೂ ಮುಂದಿನ ಸಾಲಿಗೂ ಸುಮಾರು 31 ಅಂಗುಲ. ಒಬ್ಬರಿಗೇ ಇಕ್ಕಟ್ಟಾದ ಈ ಜಾಗದಲ್ಲಿ ತಾಯಿ, ಮಡಿಲ ಕೂಸು, ಹಾಲಿನ ಬಾಟಲಿ, ಬಟ್ಟೆಯ ಚೀಲ, ಊಟದ ತಟ್ಟೆ ಎಲ್ಲವೂ ಹೊಂದಿಕೊಳ್ಳಬೇಕು. ತಟ್ಟೆ ಬಂದಾಗ ಮಗು ಎದ್ದಿದ್ದರೆ ಅವಳಿಗೆ ಊಟವಿಲ್ಲ. ಮಗು ಮಲಗಿದ್ದರೆ ಅವಳ ಕೈ ಅದರ ತಲೆಯ ಅಡಿಯಲ್ಲಿ.

ವಿಮಾನದಲ್ಲೂ ತೊಟ್ಟಿಲುಂಟು. ವಿಭಾಗದ ಮೊದಲ ಸಾಲಿನ ಎದುರು ಗೋಡೆಗೆ ಸಿಕ್ಕಿಸುವ ಪುಟ್ಟ ಪೆಟ್ಟಿಗೆ ಅದು. ಸಂಖ್ಯೆ ಕಡಿಮೆಯಾದ್ದರಿಂದ ಮೊದಲೇ ಕೇಳಿ ಕಾದಿರಿಸಬೇಕು. ಮಗುವಿನ ತೂಕಕ್ಕೆ ಕಂಪನಿಯಿಂದ ಕಂಪನಿಗೆ ಬದಲಾಗುವ ಮಿತಿ ಇದೆ, ಸುಮಾರು 10ರಿಂದ 14 ಕಿಲೋ. ಗಂಟೆಗಟ್ಟಲೆ ತಟ್ಟಿ ಮಲಗಿಸಿ, ಮೆಲ್ಲನೆ ಅದರಲ್ಲಿಟ್ಟು, ಇನ್ನೇನು ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ವಿಮಾನ ಕುಲುಕುತ್ತದೆ, ಸೀಟ್ ಬೆಲ್ಟಿನ ದೀಪ ಹೊತ್ತುತ್ತದೆ. ಹೆಚ್ಚಿನ ಕಂಪನಿಗಳ ನಿಯಮದಂತೆ ಆಗ ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳಲೇಬೇಕು. ಗಗನಸಖಿ ಬಂದು ಕ್ಷಮೆ ಕೇಳುವ ದನಿಯಲ್ಲೇ ಹೇಳುತ್ತಾಳೆ. ಕೂಸಿಗೆ ಎಚ್ಚರವಾಗುತ್ತದೆ. ಮತ್ತೆ ಮೊದಲಿನಿಂದ ಜೋಗುಳ.

ಆದರೂ ಮಡಿಲ ಕೂಸೇ ವಾಸಿ ಎನ್ನುತ್ತಾರೆ ಅನುಭವಸ್ಥರು. ನಡೆಯಲು ಕಲಿತ, ಮಾತು ಕೇಳಲು ಕಲಿಯದ ಒಂದೂವರೆ ಎರಡು ವರ್ಷದ ಪೋರನಿಗೆ ಆಸನವೆಂದರೆ ಸೆರೆಮನೆ. ಅವನ ಹಿಂದೆ ಅಪ್ಪ ಕಿರಿದಾದ ಓಣಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಲೇ ಇರುತ್ತಾನೆ. ಕುಟುಂಬದವರನ್ನು ಬೇರೆಬೇರೆ ಸಾಲಿನಲ್ಲಿ ಕೂರಿಸುವ ಕಿರಿಕಿರಿಗೆ ಭಾರತದಲ್ಲಿ ಈಗ ಒಂದು ಕಡಿವಾಣವಿದೆ. 12 ವರ್ಷದವರೆಗಿನ ಮಕ್ಕಳಿಗೆ, ಅದೇ ಬುಕಿಂಗಿನಲ್ಲಿ ಬರುವ ಅಪ್ಪ ಅಮ್ಮಂದಿರಲ್ಲಿ ಒಬ್ಬರ ಪಕ್ಕದಲ್ಲಾದರೂ ಸೀಟು ಕೊಡಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಸೂಚಿಸಿತು.

ಎಲ್ಲಕ್ಕಿಂತ ದೊಡ್ಡ ಭಯ ಅಳುವಿನದು. ಮಗು ಅತ್ತರೆ ಸುತ್ತಲಿನ ಮುಖಗಳು ತಿರುಗುತ್ತವೆ. ‘ಮಗುವನ್ನು ಸುಮ್ಮನಿರಿಸಲೂ ಬಾರದೆ’ ಎಂಬ ಪ್ರಶ್ನೆ ಯಾರೂ ಕೇಳದಿದ್ದರೂ ಕೇಳಿಸುತ್ತದೆ. ಆದರೆ ಆ ಅಳುವಿಗೆ ಎಷ್ಟೋ ಸಲ ಕಾರಣ ಹಟವಲ್ಲ, ಗಾಳಿಯ ಒತ್ತಡ. ವಿಮಾನ 35,000 ಅಡಿ ಎತ್ತರದಲ್ಲಿ ಹಾರುವಾಗ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಂತೆ ಇರುತ್ತದೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ. ಅಂದರೆ ಚಂದ್ರದ್ರೋಣ ಪರ್ವತದ ನೆತ್ತಿಯ ಮೇಲೆ ಇಡೀ ರಾತ್ರಿ ಕುಳಿತು, ಕೊನೆಯ ಅರ್ಧ ಗಂಟೆಯಲ್ಲಿ ಸರಸರನೆ ಬಯಲಿಗೆ ಇಳಿದಂತೆ. ಇಳಿಯುವಾಗ ಹೊರಗಿನ ಒತ್ತಡ ಏರಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುತ್ತದೆ. ಕಿವಿಗೂ ಗಂಟಲಿಗೂ ನಡುವೆ ಇರುವ ನಾಳ ತೆರೆದುಕೊಂಡರೆ ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ದೊಡ್ಡವರು ಆಕಳಿಸಿ, ಎಂಜಲು ನುಂಗಿ ಅದನ್ನು ತೆರೆಸಿಕೊಳ್ಳುತ್ತಾರೆ. ಎಳೆಯ ಮಕ್ಕಳಲ್ಲಿ ಆ ನಾಳ ಸಣ್ಣದು, ಬೇಗ ತೆರೆಯುವುದಿಲ್ಲ. ನೋವನ್ನು ಹೇಳಲು ಅವಕ್ಕೆ ಅಳುವಿನ ಹೊರತು ಬೇರೆ ಭಾಷೆಯಿಲ್ಲ.

ಇದಕ್ಕೆ ಮದ್ದು ತಾಯಂದಿರ ಬಳಿಯೇ ಇದೆ. ವಿಮಾನ ಕೆಳಗಿಳಿಯಲು ತೊಡಗಿದಾಗ ಮಗುವನ್ನು ಎಬ್ಬಿಸಿ ಎದೆಹಾಲನ್ನೋ ಬಾಟಲಿಯನ್ನೋ ಕೊಡಬೇಕು; ದೊಡ್ಡ ಮಕ್ಕಳಾದರೆ ಗುಟುಕು ಗುಟುಕಾಗಿ ನೀರು. ನುಂಗಿದಾಗಲೆಲ್ಲ ನಾಳ ತೆರೆಯುತ್ತದೆ. ಒಳಗಿನ ಗಾಳಿ ಬೇಸಿಗೆ ಮಧ್ಯಾಹ್ನದ ಕಲಬುರಗಿಯಂತೆ ಒಣಗಿರುವುದರಿಂದ ದಾರಿಯುದ್ದಕ್ಕೂ ಪದೇಪದೇ ಕುಡಿಸುವುದು ಒಳ್ಳೆಯದೇ. 2006ರ ನಂತರ ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ದ್ರವದ ಬಾಟಲಿಗಳಿಗೆ ನಿರ್ಬಂಧ ಬಂದರೂ, ಕೂಸಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟರ ಮಟ್ಟಿಗೆ ವಿನಾಯಿತಿ ಇದೆ. ರಾಗಿ ಹುರಿಹಿಟ್ಟನ್ನು ಡಬ್ಬಿಯಲ್ಲಿಟ್ಟುಕೊಂಡು, ಗಗನಸಖಿಯಿಂದ ಬಿಸಿನೀರು ಕೇಳಿ ಕಲಸಿಕೊಡುವ ಜಾಣೆಯರಿದ್ದಾರೆ. ಆದರೆ ನಿದ್ದೆ ಬರಲೆಂದು ನೆಗಡಿಯ ಔಷಧಿ ಕುಡಿಸುವ ಉಪಾಯವನ್ನು ಮಕ್ಕಳ ವೈದ್ಯರು ಒಪ್ಪುವುದಿಲ್ಲ. ಅಂಥ ಔಷಧಿಯಿಂದ ಕೆಲವು ಮಕ್ಕಳು ಮಲಗುವ ಬದಲು ಇನ್ನಷ್ಟು ಕೆರಳುವುದುಂಟು, ಅಪಾಯವೂ ಇಲ್ಲದಿಲ್ಲ.

ಬಸ್ಸಿನಲ್ಲಿ ಅತ್ತ ಕೂಸು ಒಬ್ಬರ ಕೈಯಲ್ಲೇ ಉಳಿಯುತ್ತಿರಲಿಲ್ಲ. ಪಕ್ಕದ ಸೀಟಿನ ಹೆಂಗಸು ಬಳೆ ಆಡಿಸುತ್ತಿದ್ದಳು, ಹಿಂದಿನವರು ಬಿಸ್ಕತ್ತು ಚಾಚುತ್ತಿದ್ದರು, ಕಂಡಕ್ಟರ್ ಸೀಟಿ ಊದಿ ತೋರಿಸುತ್ತಿದ್ದ. ವಿಮಾನದಲ್ಲಿ ಪ್ರತಿಯೊಬ್ಬರ ಕಿವಿಗೂ ಹೆಡ್‌ಫೋನು, ಕಣ್ಣಿಗೆ ಪಟ್ಟಿ. ಮಗು ಅದರ ತಾಯಿಯೊಬ್ಬಳದೇ. ಹಾಗೆಂದು ಹಳೆಯ ರೂಢಿ ಪೂರಾ ಮಾಯವಾಗಿಲ್ಲ. ಬೆಂಗಳೂರಿನತ್ತ ಬರುವ ವಿಮಾನಗಳಲ್ಲಿ ಮಗನನ್ನೋ ಮಗಳನ್ನೋ ನೋಡಿಕೊಂಡು ಮರಳುವ ಹಿರಿಯರು ಇದ್ದೇ ಇರುತ್ತಾರೆ. ಅವರಲ್ಲೊಬ್ಬರು ಎದ್ದು ಬಂದು, “ಕೊಡಮ್ಮ ಇಲ್ಲಿ, ನೀನು ಎರಡು ತುತ್ತು ಊಟ ಮಾಡು. ನಮ್ಮ ಮೊಮ್ಮಗೂನೂ ಹೀಗೇ” ಎಂದರೆ ಸಾಕು, ಆ ತಾಯಿಗೆ ಕಣ್ಣು ತುಂಬುತ್ತದೆ. ಹತ್ತು ನಿಮಿಷದ ಆ ಉಪಕಾರಕ್ಕೆ ಖರ್ಚಿಲ್ಲ. ಮುಂದಿನ ವರ್ಷ ಮತ್ತೆ ಟಿಕೆಟ್ ತೆಗೆಯುವ ಧೈರ್ಯ ಅವಳಿಗೆ ಬರುವುದು, ಬಾರದಿರುವುದು ಎಷ್ಟೋ ವೇಳೆ ಆ ಹತ್ತು ನಿಮಿಷವನ್ನೇ ಅವಲಂಬಿಸಿರುತ್ತದೆ. ದೂರದ ಹಳ್ಳಿಯ ಅಜ್ಜಿಯೊಬ್ಬಳು ಮೊಮ್ಮಗುವಿನ ಮುಖ ಕಾಣುವುದೂ ಹಾಗೆಯೇ.

ಯುರೋಪಿನ ಕಡೆಯಿಂದ ಬರುವ ವಿಮಾನಗಳು ಹೆಚ್ಚಾಗಿ ನಡುರಾತ್ರಿ ದಾಟಿದ ಮೇಲೆ ದೇವನಹಳ್ಳಿಯಲ್ಲಿ ಇಳಿಯುತ್ತವೆ. 2023ರ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ವಿಮಾನಗಳಿಗೆ ಬಾಗಿಲಾದ ಎರಡನೆಯ ಟರ್ಮಿನಲ್ಲಿನ ಬಿದಿರಿನ ಚಾವಣಿ, ತೂಗುವ ಹಸಿರು ಯಾವುದೂ ಆ ಹೊತ್ತಿನಲ್ಲಿ ಅಪ್ಪ ಅಮ್ಮನ ಕಣ್ಣಿಗೆ ಬೀಳುವುದಿಲ್ಲ. ಅಲ್ಲಿಂದಾಚೆ ಮತ್ತೆ ಕಾರಿನಲ್ಲಿ ಕೆಲವು ಗಂಟೆ.

ಇಷ್ಟಾದ ಮೇಲೂ ಪ್ರಯಾಣ ಮುಗಿಯದು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೂ ನಮಗೂ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿಯ ಹಗಲು ಇಲ್ಲಿಯ ಇರುಳು. ಮೈಯ ಗಡಿಯಾರ ದಿನಕ್ಕೆ ಹೆಚ್ಚೆಂದರೆ ಒಂದೆರಡು ಗಂಟೆಯಷ್ಟೇ ಸರಿಯುತ್ತದೆ. ವಾರವಿಡೀ ಮಗು ರಾತ್ರಿ ಎರಡಕ್ಕೋ ಮೂರಕ್ಕೋ ಎದ್ದು ಆಟಕ್ಕೆ ನಿಲ್ಲುತ್ತದೆ. ಅಪ್ಪ ಅಮ್ಮ ಕಣ್ಣು ಬಿಡಲಾರದೆ ಮಲಗಿರುವಾಗ, ಮನೆಯಲ್ಲಿ ಅದರ ಜೊತೆ ಎಚ್ಚರವಿರುವುದು ಒಬ್ಬಳೇ. ಅಡುಗೆಮನೆಯ ದೀಪ ಹಾಕಿ, ಹಾಲು ಕಾಯಿಸಿ, ಹಿತ್ತಲ ಬಾಗಿಲು ತೆರೆದು ಕೊಟ್ಟಿಗೆಯ ಕರು ತೋರಿಸುತ್ತಾಳೆ ಅಜ್ಜಿ. ಪರದೆಯಲ್ಲಷ್ಟೇ ಕಂಡಿದ್ದ ಆ ಮುಖವನ್ನು ಮಗು ಕೈಯಿಟ್ಟು ಮುಟ್ಟಿ ನೋಡುತ್ತದೆ.